ಯಜಮಾನರ ಸುಳಿ

ಮೂರು ವಾರಗಳಿಂದ ತಾನು ಡೈರಿಯಲ್ಲಿ ಒಂದು ಪದವನ್ನು ಬರೆಯದೆ ತಪ್ಪಿಸಿಕೊಂಡು ತಿರುಗುತ್ತಿದ್ದೇನೆ ಎಂಬುದನ್ನು ಅವಳು ಆ ಬೆಳಿಗ್ಗೆ ಬಸ್ಸಿನ ಕಿಟಕಿ ಪಕ್ಕದ ಸೀಟಿನಲ್ಲಿ ಕೂತು ತನಗೆ ತಾನೇ ಒಪ್ಪಿಕೊಂಡಳು. ಉಳಿದದ್ದನ್ನೆಲ್ಲ ಬರೆದಿದ್ದಳು. ಅತ್ತೆಯ ಮಂಡಿಯ ಊತ ಇಳಿದದ್ದು, ಎದುರು ಮನೆಯವರು ಗೇಟಿಗೆ ಬಣ್ಣ ಬಳಿದು ಮರುದಿನವೇ ಬೇರೆ ಬಣ್ಣ ಬಳಿದದ್ದು, ಪೆನ್ನಿಲ್ಲದೆ ಪರೀಕ್ಷೆಗೆ ಹೋಗಿ ಕೂತ ಕನಸು, ಎಲ್ಲ. ಆ ಪದ ಬರಬೇಕಾದ ಜಾಗ ಬಂದಾಗ ಮಾತ್ರ ಪೆನ್ನು ಬಳಸುದಾರಿ ಹಿಡಿಯುತ್ತಿತ್ತು. ಒಮ್ಮೆ ‘ಗಿಡದ ಮೇಲ್ಭಾಗ’ ಎಂದು ಬರೆದಳು, ಒಮ್ಮೆ ‘ಅದು’ ಎಂದು, ಇನ್ನೊಮ್ಮೆ ಬರೀ ಒಂದು ಗೆರೆ ಎಳೆದು ಮುಂದೆ ಹೋದಳು. ಎರಡೇ ಅಕ್ಷರದ ಪದ. ಭಾಷೆಯಲ್ಲೇ ಪದವಿ ಪಡೆದವಳು, ತರಗತಿಗೆ ಮೊದಲಿಗಳು, ನಿಘಂಟಿನಲ್ಲಿ ಆ ಪದಕ್ಕಿರುವ ಅರ್ಥಗಳನ್ನು ಬೆರಳು ಮಡಚಿ ಹೇಳಬಲ್ಲವಳು. ನೀರಿನ ಸುಳಿ. ತಲೆಗೂದಲಿನ ಸುಳಿ. ಗಾಳಿ ಸುಳಿಯುವುದು. ನೆಂಟರು ಇತ್ತ ಸುಳಿಯದೆ ಇರುವುದು. ಇಷ್ಟೂ ಗೊತ್ತಿದ್ದವಳಿಗೆ ಗೊತ್ತಿರದಿದ್ದ ಒಂದು ಅರ್ಥ, ಏಳನೇ ತರಗತಿಗೆ ಶಾಲೆ ಬಿಟ್ಟ ಅತ್ತೆ ದಿನಕ್ಕೆ ಹತ್ತು ಸಲ ಬಳಸುವ ಅರ್ಥ, ಅದು ಮಾತ್ರ ಕೈಗೆ ಅಂಟಿಕೊಂಡ ಮಸಿಯ ಹಾಗೆ ಎಲ್ಲಿ ಒರೆಸಿದರೂ ಹೋಗುತ್ತಿರಲಿಲ್ಲ.

ಪಕ್ಕದಲ್ಲಿ ಅತ್ತೆ, ಅಪ್ಪನ ತಂಗಿ, ಒಂದು ಕಾಲನ್ನು ನಡುದಾರಿಗೆ ಚಾಚಿ, ಊರುಗೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಮಡಚಿದ ಬಟ್ಟೆಗಳ ಚೀಲವನ್ನು ಎದೆಗೆ ಒತ್ತಿಕೊಂಡು ಕೂತಿದ್ದರು. ಎರಡು ತಿಂಗಳ ನಂತರ ಇವತ್ತೇ ಮೊದಲು ಹೊರಗೆ ಹೊರಟದ್ದು. ಹತ್ತಿದವರು ಇಳಿದವರು ಎಲ್ಲರೂ ಆ ಕಾಲನ್ನು ದಾಟಿಯೇ ಹೋಗಬೇಕಿತ್ತು. ಅತ್ತೆ ಒಬ್ಬೊಬ್ಬರಿಗೂ, “ದಾಟಿ, ದಾಟಿ, ಹೊಸ ಮಂಡಿ, ಇನ್ನೂ ಮಡಚೋಕೆ ನಾಚಿಕೆ ಇದಕ್ಕೆ” ಎಂದು ಹೇಳುತ್ತಿದ್ದರು. ಎದುರು ಸೀಟಿನ ಹೆಂಗಸು ತಿರುಗಿ, ಈ ಕಾಲಿನಲ್ಲಿ ಎಲ್ಲಿಗೆ ಹೊರಟಿರಿ ಎಂದು ಕೇಳಿದಳು.

“ಕಿವಿ ಆಸ್ಪತ್ರೆಗೆ. ನಮ್ಮ ಯಜಮಾನರು ಅಲ್ಲಿದಾರೆ. ಮುಖ ನೋಡಿ ಎರಡು ತಿಂಗಳಾಯ್ತು.”

“ಅಯ್ಯೋ ಪಾಪ. ಏನಾಗಿದೆ?”

“ಏನಾಗೋದು? ನಿಂತಿದಾರೆ. ಹದಿನಾಲ್ಕು ವರ್ಷದಿಂದ ನಿಂತೇ ಇದಾರೆ.”

ಹೆಂಗಸು ನಗಬೇಕೋ ಮರುಗಬೇಕೋ ತಿಳಿಯದೆ ಇವಳ ಕಡೆ ನೋಡಿದಳು. ಈ ತಮಾಷೆ ಇವಳು ಚಿಕ್ಕಂದಿನಿಂದ ಕೇಳಿದ್ದು. ಎಲ್ಲಿ ನಗಬೇಕು, ಎಲ್ಲಿ ಅತ್ತೆಯ ಪರವಾಗಿ ‘ಗಿಡ, ಪಾಮ್ ಗಿಡ’ ಎಂದು ಬಿಡಿಸಿ ಹೇಳಬೇಕು ಎಲ್ಲ ಅಭ್ಯಾಸವಾಗಿತ್ತು. ಇವತ್ತು ಆ ಸರದಿ ಬಂದಾಗ ಕಿಟಕಿಯ ಹೊರಗೆ ನೋಡುತ್ತ ಕೂತಳು. ಅತ್ತೆಯೇ ಬಿಡಿಸಿ ಹೇಳಬೇಕಾಯಿತು. ಮದುವೆಯಾಗದೆ ಉಳಿದ ಅತ್ತೆಗೆ ಈ ಮಾತು ಹೇಳುವಾಗ ಕಣ್ಣಿನ ಅಂಚಿನಲ್ಲಿ ಮೂಡುವ ಗೆರೆಗಳು ಎಷ್ಟು ಚೆಂದ ಎಂದು ಡೈರಿಯಲ್ಲಿ ಒಂದು ಸಲ ಬರೆದಿದ್ದಳು. ಆ ಗೆರೆಗಳು ಈಗ ಇನ್ನು ಎಷ್ಟು ನಿಲ್ದಾಣದವರೆಗೆ ಇರುತ್ತವೆ ಎಂದು ಲೆಕ್ಕ ಹಾಕಿದಳು. ಐದು.

ತಿಂಗಳ ಬಾಡಿಗೆಗೆ ಇಟ್ಟು ವಾರವಾರ ಹೋಗಿ ನೋಡಿಕೊಳ್ಳುವ ಅತ್ತೆಯ ಕುಂಡಗಳು ಒಂಬತ್ತು ಕಡೆ ಇದ್ದವು. ವಕೀಲರ ಕಚೇರಿ, ಒಂದು ಗ್ರಂಥಾಲಯದ ಓದುವ ಕೋಣೆ, ಟಿಕೆಟ್ ಬುಕ್ ಮಾಡುವ ಅಂಗಡಿ, ಕಿವಿ ಆಸ್ಪತ್ರೆ, ಹೀಗೆ. ಬಿಸಿಲು ನೇರ ಬೀಳದ, ಕಿಟಕಿ ತೆರೆಯದ, ಫ್ಯಾನೋ ಏಸಿಯೋ ಸದಾ ಗುಂಯ್‌ಗುಟ್ಟುವ ಜಾಗಗಳು. ಅಲ್ಲಿ ಬೇರೆ ಗಿಡ ಇಟ್ಟರೆ ವಾರಕ್ಕೇ ಸೊರಗುತ್ತಿತ್ತು. ಅತ್ತೆ ಇಡುತ್ತಿದ್ದದ್ದು ಪಾಮ್ ಒಂದೇ. “ಹೂವಿನ ಗಿಡಕ್ಕೆ ಯಾರಾದರೂ ಹೊಗಳ್ತಾ ಇರಬೇಕು. ಇವಕ್ಕೆ ಅದೆಲ್ಲ ಬೇಡ, ಗುರುತು ಹಿಡಿದರೆ ಸಾಕು” ಎನ್ನುತ್ತಿದ್ದರು. ಕಾಲೇಜು ಮುಗಿಸಿ ಮನೆಯಲ್ಲಿ ಕೂತು ಅರ್ಜಿಗಳನ್ನು ಬರೆಯುತ್ತ, ಬರೆದದ್ದನ್ನು ಕಳಿಸದೆ ಮೇಜಿನ ಖಾನೆಯಲ್ಲಿ ಇಡುತ್ತ ಇದ್ದ ಅವಳನ್ನು, ಮಂಡಿಯ ಆಪರೇಷನ್ನಿಗೆ ಎರಡು ವಾರ ಮೊದಲು, ತಾವು ಮಲಗಿರುವಷ್ಟು ದಿನ ಗಿಡಗಳನ್ನು ನೋಡಿಕೊಳ್ಳಲೆಂದು ಅತ್ತೆ ಜೊತೆಗೆ ಕರೆದುಕೊಂಡು ತಿರುಗಿದ್ದರು. ಆ ಎರಡು ವಾರ ಅವಳು ಬಹುಶಃ ತನ್ನ ಜೀವನದಲ್ಲೇ ಅತ್ಯಂತ ಗಮನವಿಟ್ಟು ನೋಡಿದ ಎರಡು ವಾರ. ಅತ್ತೆ ಕುಂಡದ ಮುಂದೆ ನಿಂತ ಕೂಡಲೇ ನೀರು ಹಾಕುತ್ತಿರಲಿಲ್ಲ. ಮೊದಲು ಬೆರಳ ಗೆಣ್ಣಿನಿಂದ ಕುಂಡದ ಹೊಟ್ಟೆಗೆ ಎರಡು ಸಲ ಬಡಿದು ಕಿವಿಗೊಡುತ್ತಿದ್ದರು. ಮಣ್ಣು ಒಣಗಿದ್ದರೆ ಠಣ್ ಎನ್ನುವುದು, ಹಸಿಯಾಗಿದ್ದರೆ ದಬ್ ಎನ್ನುವುದು. ಆಮೇಲೆ ಕುಂಡವನ್ನು ಮಗುವಿನ ಕೆನ್ನೆ ಹಿಡಿದು ಓರೆ ಮಾಡಿದ ಹಾಗೆ ಸ್ವಲ್ಪ ವಾಲಿಸಿ ಭಾರ ನೋಡುವುದು. ಆಮೇಲೆ ನಡುಬೆರಳು ಎರಡನೇ ಗೆಣ್ಣಿನವರೆಗೆ ಮಣ್ಣಿನೊಳಗೆ. ಮೂರೂ ಒಂದೇ ಮಾತು ಹೇಳಿದರೆ ಮಾತ್ರ ನೀರು. ಆ ನೀರೂ ಹಿಂದಿನ ದಿನವೇ ತುಂಬಿಸಿ ಮುಚ್ಚಳವಿಲ್ಲದೆ ಇಟ್ಟ ಬಕೆಟ್ಟಿನದು. ನಲ್ಲಿಯ ನೀರಿನ ಸಿಟ್ಟು ಇಳಿಯಬೇಕಂತೆ, ಇಲ್ಲದಿದ್ದರೆ ಎಲೆಯ ತುದಿ ಕಂದುತ್ತದಂತೆ.

ಕಂದಿದ ತುದಿಯನ್ನು ಕತ್ತರಿಸುವುದನ್ನಂತೂ ಅವಳು ಉಸಿರು ಹಿಡಿದು ನೋಡುತ್ತಿದ್ದಳು. ಕತ್ತರಿ ಹಸಿರಿಗೆ ಎಂದೂ ತಾಗುತ್ತಿರಲಿಲ್ಲ. ಕೂದಲೆಳೆಯಷ್ಟು ಕಂದುಬಣ್ಣವನ್ನು ಅಂಚಿಗೆ ಉಳಿಸಿಯೇ, ಎಲೆಯ ಮೂಲ ಆಕಾರದಲ್ಲೇ ಓರೆಯಾಗಿ ಕತ್ತರಿಸುತ್ತಿದ್ದರು. ಎರಡಡಿ ದೂರ ನಿಂತರೆ ಅಲ್ಲಿ ಕತ್ತರಿ ಆಡಿದೆ ಎಂದೇ ಗೊತ್ತಾಗುತ್ತಿರಲಿಲ್ಲ. “ಹಸಿರಿಗೆ ತಾಗಿಸಿದರೆ ಅದಕ್ಕೆ ಮತ್ತೆ ಗಾಯ, ಮತ್ತೆ ಕಂದುತ್ತೆ. ಸತ್ತಿರೋದರಲ್ಲೇ ಕತ್ತರಿಸು, ಬದುಕಿರೋದರ ತಂಟೆಗೆ ಹೋಗಬೇಡ.” ಎಲೆ ಒರೆಸುವಾಗ ಎರಡು ಕೈಯಲ್ಲೂ ಒದ್ದೆ ಬಟ್ಟೆ, ಒಂದು ಅಂಗೈ ಕೆಳಗೆ, ಒಂದು ಮೇಲೆ. ಬುಡದಿಂದ ತುದಿಗೆ ಒಂದೇ ಎಳೆತ, ಯಾರದೋ ಕೈಯನ್ನು ಎರಡೂ ಕೈಯಿಂದ ಹಿಡಿದು ಬೀಳ್ಕೊಡುವ ಹಾಗೆ. ಎಲೆಯ ಅಡಿ ಬಿಳಿ ಹಾಳೆ ಹಿಡಿದು ಮೆಲ್ಲಗೆ ತಟ್ಟುವರು, ಉದುರಿದ ಧೂಳಿನ ಚುಕ್ಕೆಗಳು ನಡೆದಾಡತೊಡಗಿದರೆ ನುಸಿ ಬಿದ್ದಿದೆ ಎಂದು ತಿಳಿದು ಅವತ್ತು ಇಡೀ ಗಿಡಕ್ಕೆ ಸೋಪಿನ ನೀರಿನ ಸ್ನಾನ. ಕುಂಡದ ಅಂಚಿನ ಸೀಮೆಸುಣ್ಣದ ಗುರುತು ವಾರಕ್ಕೆ ಕಾಲು ಸುತ್ತು ತಿರುಗಬೇಕು. ಇದೆಲ್ಲವನ್ನೂ ಮಾಡುವಾಗ ಅತ್ತೆ ಯಾರನ್ನೂ ನೋಡುತ್ತಿರಲಿಲ್ಲ, ತಮ್ಮನ್ನು ಯಾರಾದರೂ ನೋಡುತ್ತಿದ್ದಾರೆಯೇ ಎಂದೂ ನೋಡುತ್ತಿರಲಿಲ್ಲ. ಅದೇ ಅವಳಿಗೆ ಸೋಜಿಗ. ಯಾರೋ ನೋಡುತ್ತಿದ್ದಾರೆ ಎಂಬ ಅನುಮಾನವಿಲ್ಲದೆ ಅವಳು ಒಂದು ಲೋಟ ನೀರನ್ನೂ ಕುಡಿದವಳಲ್ಲ.

ನಾಲ್ಕು ನಿಲ್ದಾಣ. ಆಸ್ಪತ್ರೆಗೆ ಸೇರುವ ಹಿಂದಿನ ದಿನ ಅತ್ತೆ ಹಾಸಿಗೆಯ ಮೇಲೆ ಕಾಲು ಚಾಚಿಕೊಂಡು ಹೇಳಿದ್ದನ್ನೆಲ್ಲ ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು, ಕಾಲೇಜಿನ ಉಪನ್ಯಾಸ ಬರೆದುಕೊಂಡ ಹಾಗೆ, ಅಂಚು ಬಿಟ್ಟು. ‘ಒಣಗಿದ ಎಲೆ ಬುಡಕ್ಕೆ ತೆಗೆಯುವುದು. ಬುಡದಲ್ಲಿ ನೀರು, ತಲೆಯ ಮೇಲೆ ಹುಯ್ಯಬಾರದು. ಸುಳಿ ಮುಟ್ಟಬಾರದು.’ ಕೊನೆಯ ವಾಕ್ಯದ ಹತ್ತಿರ ಪೆನ್ನು ಒಂದು ಕ್ಷಣ ನಿಂತದ್ದು ಅವಳಿಗೆ ಈಗಲೂ ನೆನಪಿದೆ. ಸುಳಿ ಎಂದರೆ ಗಿಡದಲ್ಲಿ ಯಾವುದು ಎಂದು ಕೇಳಲು ಬಾಯಿ ತೆರೆದಿದ್ದಳು ಕೂಡ. ಆಗಲೇ ಅಮ್ಮ ಬಾಗಿಲಲ್ಲಿ ನಿಂತು ಅತ್ತೆಗೆ, “ಇವಳಿಗೆ ಒಂದು ಸಲ ಹೇಳಿದರೆ ಸಾಕು, ಓದಿದ ಹುಡುಗಿ” ಎಂದು ಬಿಟ್ಟಿದ್ದರು. ಓದಿದ ಹುಡುಗಿ ಬಾಯಿ ಮುಚ್ಚಿಕೊಂಡು ಆ ಸಾಲಿನ ಕೆಳಗೆ ಎರಡು ಗೆರೆ ಎಳೆದಳು. ಮರುದಿನ ಕಿವಿ ಆಸ್ಪತ್ರೆಯಲ್ಲಿ ಯಜಮಾನರ ಮುಂದೆ ನಿಂತು ಹುಡುಕಿದಾಗ ಕಾಂಡದ ಮೇಲೆ, ತನ್ನ ಎದೆಯ ಮಟ್ಟದಲ್ಲಿ, ಎಂದೋ ಎಲೆ ಕಳಚಿದ ಜಾಗದಲ್ಲಿ, ಒಂದು ಗಂಟು ಕಂಡಿತು. ಒಳಗೆ ಒಳಗೆ ಸುತ್ತಿಕೊಂಡು ಹೋದ ಗೆರೆಗಳು, ಥೇಟ್ ಹಸುಗೂಸಿನ ನೆತ್ತಿ. ಇದೇ ಸುಳಿ ಎಂದು ತೀರ್ಮಾನಿಸಿದಳು. ತನ್ನಷ್ಟಕ್ಕೆ ಅರ್ಥ ಹೊಳೆಯಿತೆಂದು ಖುಷಿಯೂ ಆಗಿತ್ತು. ಅಲ್ಲಿಂದ ಮುಂದೆ ಕಾಂಡ ಒರೆಸುವಾಗ ಆ ಗಂಟಿನ ಸುತ್ತ ಮೂರು ಬೆರಳು ಜಾಗ ಬಿಟ್ಟು, ಎಷ್ಟೊಂದು ಎಚ್ಚರದಿಂದ, ದೇವರ ಪಟದ ಸುತ್ತ ಧೂಳು ಹೊಡೆದ ಹಾಗೆ ಬಟ್ಟೆ ಆಡಿಸುತ್ತಿದ್ದಳು. ಮುಟ್ಟಬಾರದ್ದನ್ನು ಮುಟ್ಟದೆ ಕಾಪಾಡಿದ ಮೂರು ವಾರ. ಅದನ್ನು ನೆನೆದಾಗ ಈಗ ಏಳುವುದು ದುಃಖವಲ್ಲ, ನಾಚಿಕೆಯೂ ಅಲ್ಲ, ತನ್ನ ಫೋಟೋವನ್ನು ಬೇರೆಯವರು ನೋಡಿ ನಗುತ್ತಿರುವಾಗ ಪಕ್ಕದ ಕೋಣೆಯಲ್ಲಿ ನಿಂತಂಥ ಒಂದು ಸಂಕಟ.

ಮೂರನೇ ವಾರ ಸ್ವಾಗತದ ಮೇಜಿನ ಟೋಕನ್ ಅಕ್ಕ ಅವಳನ್ನು ಕರೆದರು. ಕಿವಿ ಕೇಳದವರಿಗೆ ಟೋಕನ್ ನಂಬರು ಕೂಗಿ ಕೂಗಿ ಆ ಅಕ್ಕನ ಪಿಸುಮಾತೂ ರಸ್ತೆಯವರೆಗೆ ಹೋಗುತ್ತಿತ್ತು. “ಏನೇ ಹುಡುಗಿ, ನಿಮ್ಮ ಯಜಮಾನರ ನೆತ್ತಿ ಮೇಲೆ ಒಂದು ಕಡ್ಡಿ ನೆಟ್ಟಗೆ ನಿಂತಿದೆಯಲ್ಲ, ಒಣಗಿದೆ ಅನ್ಸುತ್ತೆ, ತೆಗೀಬಾರದಾ?” ಕಾಯುವ ಬೆಂಚಿನಲ್ಲಿದ್ದ ಎಂಟು ಜನ ತಲೆಯೆತ್ತಿ ಕಡ್ಡಿಯನ್ನೂ ಆಮೇಲೆ ಅವಳನ್ನೂ ನೋಡಿದರು. ಹೌದು, ಎಲೆಗಳ ನಡುವಿನಿಂದ ಒಂದು ಕಡ್ಡಿ, ಎಲೆಯಿಲ್ಲದ್ದು, ಈಟಿಯ ಹಾಗೆ ನೆಟ್ಟಗೆ, ತುದಿಯಲ್ಲಿ ಕಂದು ನಾರು. ಒಣಗಿದ್ದನ್ನು ಬುಡಕ್ಕೆ ತೆಗೆಯುವುದು. ಎಂಟು ಜನರ ಕಣ್ಣಿನ ಕೆಳಗೆ ಸ್ಟೂಲು ಹತ್ತಿದಳು. ಅತ್ತೆಯ ಬಾಗು ಚೂರಿಯನ್ನು ಎಲೆಬುಡಗಳ ನಡುವೆ, ಹೋಗುವಷ್ಟು ಆಳಕ್ಕೆ ಇಳಿಸಿದಳು. ಒಣಗಿದ್ದು ಕಟ್ ಎಂದು ಮುರಿಯಬೇಕಿತ್ತು. ಇದು ಮುರಿಯಲಿಲ್ಲ, ಚೂರಿಯನ್ನು ಸಲೀಸಾಗಿ ಒಳಗೆ ಬಿಟ್ಟುಕೊಂಡಿತು. ಕೈಗೆ ಬಂದ ಕಡ್ಡಿಯ ಕೆಳತುದಿ ದಂತದಷ್ಟು ಬೆಳ್ಳಗಿತ್ತು, ತೇವವಾಗಿತ್ತು, ಬೀಸಣಿಗೆಯ ಹಾಗೆ ಮಡಚಿಟ್ಟ ನೂರು ಪದರ. ಅದಕ್ಕೆ ಒಂದು ವಾಸನೆಯಿತ್ತು. ಇನ್ನೂ ಯಾವ ಗಾಳಿಯೂ ತಾಗದ್ದರ ವಾಸನೆ. ತಪ್ಪಾಯಿತು ಎಂದು ಕೈಗೆ ಗೊತ್ತಾಯಿತು. ಏನು ತಪ್ಪಾಯಿತು ಎಂದು ತಲೆಗೆ ಗೊತ್ತಾಗಲಿಲ್ಲ. ಅದನ್ನು ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಮೇಲೆ ಬೋಳಾಗಿ ಕಂಡದ್ದರಿಂದ ಅಕ್ಕಪಕ್ಕದ ಎರಡು ಎಲೆಗಳನ್ನು ಹಸಿರು ದಾರದಿಂದ ಸೇರಿಸಿ ಕಟ್ಟಿದಳು. ಟೋಕನ್ ಅಕ್ಕ, “ಈಗ ನೋಡು, ಎಷ್ಟು ಲಕ್ಷಣವಾಗಿದೆ” ಎಂದರು.

ಅದರ ಅರ್ಥ ತಿಳಿದದ್ದು ಇನ್ನೆರಡು ವಾರ ಕಳೆದ ಮೇಲೆ, ಅತ್ತೆಯ ಮನೆಯಲ್ಲಿ, ಸಂಜೆಯ ಬೆಳಕಿನಲ್ಲಿ. ಕಿಟಕಿಯ ಪಕ್ಕದ ಪುಟ್ಟ ಪಾಮಿನ ಕಡೆ ಊರುಗೋಲು ಚಾಚಿ ಅತ್ತೆ, “ನೋಡೇ, ಸುಳಿ ಹೊರಟಿದೆ” ಎಂದರು. ಊರುಗೋಲಿನ ತುದಿ ಕಾಂಡವನ್ನು ತೋರಿಸುತ್ತಿರಲಿಲ್ಲ. ನಡುವಿನಿಂದ ಎದ್ದ ಎಳೆಯ, ಸುರುಟಿದ, ಎಲೆಯಿಲ್ಲದ ಕಡ್ಡಿಯನ್ನು ತೋರಿಸುತ್ತಿತ್ತು. ಅತ್ತೆ ಮುಂದುವರಿಸಿದರು, ಯಾವಾಗಲೂ ಗಿಡದ ಬಗ್ಗೆ ಹೇಳುವಾಗಿನ ಆ ನಿಧಾನದ ದನಿಯಲ್ಲಿ. “ಬೇರೆ ಗಿಡದ ತಲೆ ಕತ್ತರಿಸು, ಪಕ್ಕದಲ್ಲಿ ನಾಲ್ಕು ತಲೆ ಬರ್ತವೆ. ಇದಕ್ಕೆ ಒಂದೇ. ಎಷ್ಟು ಎತ್ತರ ಹೋದರೂ ಬೆಳೆಯೋ ಜಾಗ ಅದೊಂದೇ. ಅದು ಹೋದರೆ ಆಯ್ತು. ಎಲೆಗಳು ಇರ್ತವೆ, ತಿಂಗಳುಗಟ್ಟಲೆ ಹಸಿರಾಗೇ ಇರ್ತವೆ, ನೋಡಿದೋರಿಗೆ ಗೊತ್ತೂ ಆಗಲ್ಲ.” ಆಮೇಲೆ ತಿರುಗಿ, “ಯಜಮಾನರದು ಬಿಚ್ಚಿತಾ? ನಾನು ಹೊರಡೋವಾಗ ಇಷ್ಟುದ್ದ ಇತ್ತು” ಎಂದು ಕೇಳಿದರು. ಆಗ ಹೇಳಬಹುದಿತ್ತು. ಕೋಣೆಯಲ್ಲಿ ಇಬ್ಬರೇ ಇದ್ದರು. ಅವಳು, “ಹೂಂ, ಬಿಚ್ಚಿತು” ಎಂದಳು. “ಎಷ್ಟು ದೊಡ್ಡದು?” ಅವಳ ಎರಡೂ ಕೈಗಳು ತಾವಾಗಿ ಮೇಲೆದ್ದು, ಇಲ್ಲದ ಎಲೆಯ ಅಗಲವನ್ನು ಗಾಳಿಯಲ್ಲಿ ತೋರಿಸಿದವು. ಅತ್ತೆ ಆ ಎರಡು ಕೈಗಳ ನಡುವಿನ ಖಾಲಿ ಜಾಗವನ್ನು ಎಷ್ಟು ಹೊತ್ತು ನೋಡಿದರೆಂದರೆ ಅವಳಿಗೆ ಕೈ ಇಳಿಸಲು ಆಗಲಿಲ್ಲ.

“ಇಳಿಯೋಣ ಏಳು,” ಎಂದು ಅತ್ತೆ ಊರುಗೋಲಿನಿಂದ ಅವಳ ಪಾದಕ್ಕೆ ತಟ್ಟಿದರು. “ಎಲ್ಲಿದೀಯ? ಮೂರು ಸಲ ಕರೆದೆ.”

ಆಸ್ಪತ್ರೆಯ ಗಾಜಿನ ಬಾಗಿಲು ತಳ್ಳಿದ ಕೂಡಲೇ ಟೋಕನ್ ಅಕ್ಕ ಎದ್ದು ನಿಂತರು. “ಗಿಡದಮ್ಮ ಬಂದರು. ಬನ್ನಿ ಬನ್ನಿ, ಕಾಲು ಹೇಗಿದೆ? ಸೊಸೆ ಏನೂ ಕೊರತೆ ಮಾಡಿಲ್ಲ ನಿಮ್ಮ ಯಜಮಾನರಿಗೆ.” ಬೆಂಚಿನಲ್ಲಿದ್ದ ಬೂದು ಕೋಟಿನ ಮುದುಕರೊಬ್ಬರು ಪಕ್ಕದ ದಪ್ಪ ಕನ್ನಡಕದವರಿಗೆ, “ಗಿಡದಮ್ಮನ ಸೊಸೆಯಂತೆ” ಎಂದು ಕೂಗಿ ಹೇಳಿದರು. ಕನ್ನಡಕದವರು, “ಮಗನಿಗೆ ಯಾವಾಗ ಮದುವೆ ಮಾಡಿದರು?” ಎಂದು ಅದಕ್ಕಿಂತ ಜೋರಾಗಿ ಕೇಳಿದರು. “ಮಗನೇ ಇಲ್ಲ ರೀ ನನಗೆ, ಅಣ್ಣನ ಮಗಳು ಸೊಸೆ ಆಗಲ್ವಾ?” ಎಂದು ಅತ್ತೆ ಅವರಿಬ್ಬರಿಗೂ ಕೇಳುವ ಹಾಗೆ ಹೇಳಿದಾಗ ಇಡೀ ಬೆಂಚು ನಕ್ಕಿತು. ಅವಳು ಚೀಲದ ಹಿಡಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು. ಈ ಕೋಣೆಯಲ್ಲಿ ಏನು ಹೇಳಿದರೂ ಎರಡು ಸಲ ಹೇಳಬೇಕು, ಎರಡನೇ ಸಲ ಎಲ್ಲರಿಗೂ ಕೇಳುತ್ತದೆ. ಅವಳು ಇಲ್ಲಿಗೆ ಬಂದ ಎಂಟು ವಾರದಲ್ಲಿ ಯಾರೂ ಅವಳ ಒಂದು ಮಾತನ್ನೂ ಕೇಳಿಸಿಕೊಂಡಿರಲಿಲ್ಲ, ಅದು ಒಂದು ಬಗೆಯ ನೆಮ್ಮದಿಯೂ ಆಗಿತ್ತು.

ಯಜಮಾನರು ಎಂದಿನ ಜಾಗದಲ್ಲಿ, ಪರೀಕ್ಷೆಯ ಕೋಣೆಯ ಬಾಗಿಲಿಗೂ ಉತ್ತರದ ಕಿಟಕಿಗೂ ನಡುವಿನ ಮೂಲೆಯಲ್ಲಿ ನಿಂತಿದ್ದರು. ಮಂಡಿಯೆತ್ತರದ ಸಸಿಯಾಗಿ ಬಂದು ಈಗ ಆಳೊಂದೂವರೆ ಎತ್ತರ, ಕಾಯುವವರ ತಲೆಯ ಮೇಲೆ ಎಲೆಗಳು ಕೊಡೆಯ ಹಾಗೆ ಹರಡಿದ್ದವು. ಅವಳೇ ಒಪ್ಪಬೇಕು, ಅಷ್ಟಾದ ಮೇಲೂ ಅದು ಸುಂದರವಾಗಿತ್ತು. ಪ್ರತಿ ಎಲೆಯೂ ಒರೆಸಿದ್ದು, ಪ್ರತಿ ತುದಿಯಲ್ಲೂ ಕೂದಲೆಳೆಯ ಕಂದು ಅಂಚು. ಅತ್ತೆ ಕಲಿಸಿದ್ದನ್ನೆಲ್ಲ ಅವಳು ಚೆನ್ನಾಗಿಯೇ ಮಾಡಿದ್ದಳು, ಒಂದನ್ನು ಬಿಟ್ಟು. ಅತ್ತೆ ಹತ್ತಿರ ಹೋಗಿ ಊರುಗೋಲನ್ನು ಗೋಡೆಗೆ ಒರಗಿಸಿ, ಗೆಣ್ಣಿನಿಂದ ಕುಂಡಕ್ಕೆ ಬಡಿದರು. ದಬ್. ತಲೆಯಾಡಿಸಿದರು. ಒಂದು ಎಲೆಯ ಅಡಿ ಅಂಗೈ ಸವರಿ, ಅಂಗೈ ನೋಡಿಕೊಂಡು, ಅವಳ ಕಡೆ ನೋಡಿದರು. “ನನಗಿಂತ ಚೆನ್ನಾಗಿ ಒರೆಸ್ತೀಯಲ್ಲೇ.” ಆಮೇಲೆ ಕಾಂಡದ ಮೇಲೆ ಕೈಯಾಡಿಸುತ್ತ ಆ ಗಂಟಿನ ಹತ್ತಿರ ಬಂದಾಗ ಸುತ್ತಲೂ ಮೂರು ಬೆರಳಿನ ಧೂಳಿನ ಬಳೆ ಕಂಡು, “ಇಲ್ಲಿ ಮಾತ್ರ ಯಾಕೆ ಬಿಟ್ಟೆ?” ಎಂದು ಹೆಬ್ಬೆರಳಿನಿಂದ ಒಂದೇ ಸಲಕ್ಕೆ ಒರೆಸಿ ಹಾಕಿದರು. ಅತ್ತೆ ತಲೆಯೆತ್ತಿದರು.

ನೋಡುತ್ತ ನಿಂತರು. ತುಟಿ ಮೆಲ್ಲಗೆ ಅಲುಗುತ್ತಿತ್ತು. ಎಲೆ ಎಣಿಸುತ್ತಿದ್ದಾರೆ ಎಂದು ಅವಳಿಗೆ ಗೊತ್ತಾಯಿತು.

“ಹೊಸ ಎಲೆ ಎಲ್ಲೇ?”

ಅವಳು ಚೀಲವನ್ನು ಬೆಂಚಿನ ತುದಿಗೆ ಇಟ್ಟಳು.

“ಆ ದಾರ ಯಾಕೆ?”

“ಬಾಗಿತ್ತು.” ಅತ್ತೆಗೆ ಕೇಳಿಸಿತೋ ಇಲ್ಲವೋ. ಕೇಳಿಸಿತು. “ಒಳ್ಳೆ ಕೆಲಸ” ಎಂದರು, ಕಣ್ಣು ಮೇಲೆಯೇ ಇಟ್ಟು. “ನನ್ನ ಕೈಲಿ ಹತ್ತೋಕೆ ಆಗಲ್ಲ. ನೀನು ಹತ್ತಿ ನೋಡು. ಸುಳಿ ಇದ್ದ ಜಾಗ ಹೇಗಿದೆ ಹೇಳು.”

ಅದೇ ಸ್ಟೂಲು. ಮೇಲೆ ಹತ್ತಿದಾಗ ಎಲೆಗಳ ನಡುವೆ ಅವಳೊಬ್ಬಳೇ ಇದ್ದಳು. ಕೆಳಗೆ ಟೋಕನ್ ಅಕ್ಕನ ದನಿ, ಇನ್ಯಾರದೋ ಕೆಮ್ಮು, ಎಲ್ಲ ದೂರ. ಐದು ವಾರದ ಹಿಂದೆ ಬೆಳ್ಳಗಿದ್ದ ಜಾಗ ಈಗ ಚಪ್ಪಟೆಯಾಗಿ, ಕಪ್ಪಗೆ, ಗುಂಡಿಯಷ್ಟು ದುಂಡಗೆ ಒಣಗಿತ್ತು. ಚೂರಿಯ ಗೆರೆ ನೇರವಾಗಿತ್ತು. ಕೊಳೆತದ್ದು ಹೀಗಿರುವುದಿಲ್ಲ, ಅದು ಅವಳಿಗೂ ಈಗ ಗೊತ್ತು, ಪುಸ್ತಕದಲ್ಲಿ ಓದಿಕೊಂಡಿದ್ದಳು. ಅದರ ಮೇಲೆ ಬೆರಳಿಟ್ಟಳು. ಗಟ್ಟಿ. ಆಳದಲ್ಲಿ ಏನಾದರೂ ಉಳಿದಿದೆಯೋ, ಬರುವ ತಿಂಗಳೋ ಅದರಾಚೆಯೋ ಮತ್ತೆ ಮೇಲೆ ಬರುತ್ತದೋ, ಬೆರಳಿಗೆ ತಿಳಿಯಲಿಲ್ಲ.

“ಕಪ್ಪಗಿದೆ,” ಎಂದಳು.

“ಮೆತ್ತಗಿದೆಯಾ?”

ಇಲ್ಲ ಎನ್ನಬೇಕಿತ್ತು. ಒಂದು ಪದ. ಅವಳು ಎಲೆಗಳೊಳಗೆ ಮುಖವಿಟ್ಟುಕೊಂಡು ಸುಮ್ಮನಿದ್ದಳು. ಅವಳ ಸುಮ್ಮನಿರುವಿಕೆಯನ್ನು ಮನೆಯವರೆಲ್ಲ ಹುಟ್ಟಿದಂದಿನಿಂದ ಹೌದು ಎಂದೇ ತಿಳಿದಿದ್ದರು, ಅತ್ತೆಯೂ ಹಾಗೆಯೇ ತಿಳಿದರು. “ಆಯ್ತು, ಇಳಿ” ಎಂದರು.

ಇಳಿದಾಗ ಅತ್ತೆ ಕಾಯುವ ಬೆಂಚಿನ ತುದಿಯಲ್ಲಿ ಕೂತಿದ್ದರು. ಹದಿನಾಲ್ಕು ವರ್ಷದಲ್ಲಿ ಆ ಬೆಂಚಿನಲ್ಲಿ ಅವರು ಕೂತದ್ದನ್ನು ಯಾರೂ ನೋಡಿರಲಿಲ್ಲ. ಕೈಗಳು ತೊಡೆಯ ಮೇಲೆ ಅಂಗಾತ ಬಿದ್ದಿದ್ದವು. ಆ ಕೈಗಳನ್ನು ಅವಳು ಅಷ್ಟು ಹೊತ್ತು ಸುಮ್ಮನಿರುವುದನ್ನು ಕಂಡಿರಲಿಲ್ಲ. ಆಸ್ಪತ್ರೆಯ ಮಂಚದಲ್ಲೂ ಹೊದಿಕೆಯ ಅಂಚನ್ನು ಎಲೆ ಒರೆಸಿದ ಹಾಗೆ ಎರಡು ಬೆರಳಿನ ನಡುವೆ ಎಳೆಯುತ್ತಿದ್ದವು. “ನಾನೇ,” ಎಂದರು ಅತ್ತೆ, ಅವಳಿಗೋ ತಮಗೋ. “ಆಪರೇಷನ್ನಿಗೆ ಹೋಗೋ ಮುಂಚಿನ ದಿನ ಬಗ್ಗೋಕೆ ಆಗಲಿಲ್ಲ. ನೀನು ಆಚೆ ಇದ್ದಾಗ ಗೋಡೆ ಹಿಡ್ಕೊಂಡು, ಮಗ್ ಎತ್ತಿ, ತಲೆ ಮೇಲಿಂದಲೇ ನೀರು ಬಿಟ್ಟೆ. ಒಂದು ದಿನ ತಾನೇ ಅಂದುಕೊಂಡೆ. ನಿನಗೆ ಹಾಗೆ ಮಾಡಬೇಡ ಅಂತ ಹೇಳಿ, ನಾನೇ ಮಾಡಿದೆ. ನೀನು ಬಿಚ್ಚಿತು ಅಂದೆಯಲ್ಲ, ಬಿಚ್ಚಿದ ಮೇಲೆ ಕೊಳೆತು ಬಿದ್ದಿದೆ ಅಂದರೆ ನೀರು ಒಳಗೇ ಕೂತಿತ್ತು. ಅದು ನಾನು ಹಾಕಿದ ನೀರು. ಬಿದ್ದಿದ್ದನ್ನ ಕಸ ಗುಡಿಸೋರು ತಗೊಂಡು ಹೋಗಿರ್ತಾರೆ.” ತನ್ನ ಸುಳ್ಳಿನ ಎಲೆ, ಎರಡು ಕೈಗಳ ನಡುವೆ ಗಾಳಿಯಲ್ಲಿ ಬಿಚ್ಚಿದ್ದು, ಬೆಳೆದು, ಕೊಳೆತು, ಬಿದ್ದು, ಗುಡಿಸಿಕೊಂಡು ಹೋಗಿಯೂ ಆಯಿತು, ಅವಳು ಬೆರಗಿನಿಂದ ಕೇಳುತ್ತ ನಿಂತಳು. ಅತ್ತೆ ಎಷ್ಟು ಶುದ್ಧವಾಗಿ ಯೋಚಿಸುತ್ತಾರೆ. ಕುಂಡ ಬಡಿದು, ವಾಲಿಸಿ, ಬೆರಳಿಟ್ಟು ನೋಡುವ ಹಾಗೆಯೇ ಒಂದೊಂದನ್ನೇ ಕೂಡಿಸಿ ನಿರ್ಣಯಕ್ಕೆ ಬಂದಿದ್ದಾರೆ. ಒಂದೂ ಹೆಜ್ಜೆ ತಪ್ಪಿಲ್ಲ, ತಾನು ಕೊಟ್ಟ ಮೊದಲ ಹೆಜ್ಜೆಯೊಂದು ಬಿಟ್ಟು.

ಪರೀಕ್ಷೆಯ ಕೋಣೆಯಿಂದ ಕಿವಿ ಡಾಕ್ಟರ್ ಹೊರಗೆ ಬಂದರು. ಅತ್ತೆ ಬೆಂಚಿನ ಅಂಚನ್ನು ಹಿಡಿದು, ಹೊಸ ಮಂಡಿಯನ್ನು ಒಲಿಸಿಕೊಂಡು, ಎದ್ದು ನಿಂತರು.

“ಡಾಕ್ಟರೇ, ನಿಮಗೊಂದು ಮಾತು. ಈ ಗಿಡ ಇನ್ನು ಬೆಳೆಯಲ್ಲ. ಸುಳಿ ಹೋಗಿದೆ. ಎಲೆ ಒಂದಷ್ಟು ದಿನ ಹಸಿರಾಗಿರ್ತವೆ, ಅದನ್ನ ನೋಡಿ ಚೆನ್ನಾಗಿದೆ ಅಂದುಕೋಬೇಡಿ. ತಪ್ಪು ನನ್ನದು.”

ಡಾಕ್ಟರ್ ಗಿಡವನ್ನು ಮೇಲಿನಿಂದ ಕೆಳಗೆ ನೋಡಿದರು. “ಚೆನ್ನಾಗೇ ಇದೆಯಲ್ಲ ಗಿಡದಮ್ಮ. ಹೋದರೆ ಹೋಗಲಿ ಬಿಡಿ, ಇನ್ನೊಂದು ತಂದಿಟ್ಟರಾಯ್ತು.”

ಅತ್ತೆಯ ಮುಖದಲ್ಲಿ ಏನೋ ಒಂದು ಸಣ್ಣದಾಗಿ ಮುಚ್ಚಿಕೊಂಡಿತು. ಒಳ್ಳೆಯ ಮನುಷ್ಯ, ಒಳ್ಳೆಯ ಮಾತನ್ನೇ ಆಡಿದ್ದರು. “ತರೋದು ನಾನಲ್ಲ,” ಎಂದರು ಅತ್ತೆ. “ನನ್ನ ಕೈ ಹೋಯ್ತು. ಗೊತ್ತಿದ್ದೂ ಗೊತ್ತಿದ್ದೂ ನೀರು ಹುಯ್ದವಳು ಇನ್ನೊಬ್ಬರ ಜಾಗಕ್ಕೆ ಬಂದು ಗಿಡ ಮುಟ್ಟಬಾರದು. ಮುಂದಿನ ತಿಂಗಳಿಂದ ಇವಳು ಬರ್ತಾಳೆ, ಎಲ್ಲಾ ಕಡೆಗೂ. ಇವಳ ಕೈ ಚೆನ್ನಾಗಿದೆ, ನೀವೇ ನೋಡಿದೀರಲ್ಲ.” ಮಾತಾಡುತ್ತಲೇ ಚೀಲಕ್ಕೆ ಕೈ ಹಾಕಿ ಬಾಗು ಚೂರಿಯನ್ನು ತೆಗೆದು, ಹಿಡಿಯ ಕಡೆ ಮುಂದೆ ಮಾಡಿ ಅವಳ ಕಡೆ ಚಾಚಿದರು. ಯಾವ ನೋವಿನ ಪ್ರದರ್ಶನವೂ ಇಲ್ಲದೆ, ಉಪ್ಪಿನ ಡಬ್ಬಿ ದಾಟಿಸಿದ ಹಾಗೆ. ಅವಳ ಕೈ ಮುಂದೆ ಬರಲಿಲ್ಲ.

ದಪ್ಪ ಕನ್ನಡಕದವರು ಕಿವಿಗೆ ಅಂಗೈ ಹಿಡಿದು, “ಏನಂತೆ?” ಎಂದು ಕೇಳಿದರು.

ಬೂದು ಕೋಟಿನವರು ಅವರ ಕಿವಿಯ ಹತ್ತಿರ ಬಾಗಿ, ಇಡೀ ಕೋಣೆಗೆ ಕೇಳುವ ಹಾಗೆ ಹೇಳಿದರು. “ಗಿಡದಮ್ಮ ತಪ್ಪು ನೀರು ಹಾಕಿ ಗಿಡ ಕೊಂದರಂತೆ. ಕೈ ಹೋಯ್ತಂತೆ. ಇನ್ನು ಬರಲ್ವಂತೆ.”

ಅತ್ತೆ ಅದನ್ನು ಕೇಳಿಸಿಕೊಂಡು ತಲೆ ಬಾಗಿಸಿದರು, ತೀರ್ಪು ಸರಿಯಾಗಿದೆ ಎನ್ನುವ ಹಾಗೆ. ಆ ಸುಳ್ಳು ಈಗ ಬೆಂಚಿನುದ್ದಕ್ಕೂ ಒಬ್ಬರಿಂದ ಒಬ್ಬರಿಗೆ ಹೋಗುತ್ತಿತ್ತು. ಟೋಕನ್ ಅಕ್ಕ ಮೇಜಿನ ಹಿಂದೆ ಅಯ್ಯೋ ಎಂದರು, ಡಾಕ್ಟರ್ ಗಡಿಯಾರ ನೋಡಿಕೊಂಡರು. ಹೀಗೆಯೇ ಉಳಿದುಬಿಡುತ್ತದೆ, ಎಂದು ಅವಳಿಗೆ ಹೊಳೆಯಿತು. ಇವರೆಲ್ಲ ಮನೆಗೆ ಹೋಗಿ ಹೇಳುತ್ತಾರೆ, ಅತ್ತೆ ಕಿಟಕಿಯ ಪಕ್ಕ ಕೂತು ಸಾಯುವವರೆಗೆ ತಮ್ಮ ಕೈಗಳನ್ನು ನೋಡಿಕೊಳ್ಳುತ್ತಾರೆ, ತಾನು ಒಂಬತ್ತು ಕಡೆ ಎಲೆ ಒರೆಸುತ್ತ ಚೆನ್ನಾಗಿ ಒರೆಸುತ್ತಾಳೆ ಎನ್ನಿಸಿಕೊಳ್ಳುತ್ತ ಇರುತ್ತೇನೆ.

“ಅಲ್ಲ,” ಎಂದಳು.

ಯಾರೂ ತಿರುಗಲಿಲ್ಲ. ಅತ್ತೆ ಮಾತ್ರ ತಲೆಯೆತ್ತಿದರು. ಚೂರಿ ಇನ್ನೂ ಅವರ ಚಾಚಿದ ಕೈಯಲ್ಲೇ ಇತ್ತು.

“ಅತ್ತೆ ಅಲ್ಲ.”

“ಏನಂದಳು?” ಕನ್ನಡಕದವರು ಕೇಳಿದರು. ಬೂದು ಕೋಟಿನವರು ಅವಳ ತುಟಿಗಳನ್ನೇ ನೋಡುತ್ತ, “ಕೇಳಿಸ್ತಿಲ್ಲ. ಜೋರಾಗಿ ಹೇಳಮ್ಮ, ಇಲ್ಲಿರೋರೆಲ್ಲ ಕಿವುಡರು” ಎಂದರು.

ಅವಳು ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡಳು, ಅವು ಗಾಳಿಯಲ್ಲಿ ಮತ್ತೇನನ್ನೂ ತೋರಿಸದ ಹಾಗೆ. ಬೆಂಚಿನ ಕಡೆ ತಿರುಗಿದಳು. ಹೊರಗೆ ಬಂದ ದನಿ ಟೋಕನ್ ಅಕ್ಕನನ್ನೂ ಬೆಚ್ಚಿಬೀಳಿಸಿತು. ರಸ್ತೆಯಲ್ಲಿ ಹೋಗುತ್ತಿದ್ದ ಒಬ್ಬರು ಗಾಜಿನಾಚೆ ನಿಂತು ಒಳಗೆ ನೋಡಿದರು.

“ನೀರು ಹಾಕಿ ಕೊಳೆತಿದ್ದಲ್ಲ. ನಾನು ಕತ್ತರಿಸಿದ್ದು. ಸುಳಿ ಅಂದರೆ ಏನು ಅಂತ ನನಗೆ ಗೊತ್ತಿರಲಿಲ್ಲ.”